ಇನ್ನೂರ ಹನ್ನೆರಡನೇ ನಂಬರಿನ ಕೊನೆಯ ಹದಿನಾರು ಪುಟ

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರೆಯುವುದರಲ್ಲಿ ಅದನ್ನು ಅಡಗಿಸುವ ಇರಾದೆ ನನಗಿಲ್ಲ. ಹಳೆಯ ಪತ್ತೇದಾರಿ ಕಾದಂಬರಿಗಳ ಮಾತು ಬಂದರಂತೂ ಈಗಲೂ ಮೈ ಉರಿಯುತ್ತದೆ. ಓದುವಾಗ ಎಲ್ಲರೂ ಓದಿದರು. ಲೆಕ್ಕದ ಪುಸ್ತಕದೊಳಗಿಟ್ಟುಕೊಂಡು ಓದಿದರು, ಅಡುಗೆಮನೆಯಲ್ಲಿ ಹಾಲು ಉಕ್ಕಿಸಿಕೊಂಡು ಓದಿದರು, ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನವನು ಬರುವ ತನಕ ಗೂಡಿನ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಓದಿದರು. ಆಮೇಲೆ ಕೇಳಿದರೆ ಬರೆದವರು ಯಾರೆಂದು ಒಬ್ಬರಿಗೂ ನೆನಪಿಲ್ಲ. ನೆನಪಿಲ್ಲ ಅನ್ನುವುದನ್ನೂ ಒಂದು ದೊಡ್ಡಸ್ತಿಕೆಯ ಹಾಗೆ ಹೇಳುತ್ತಿದ್ದರು.

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ಮೇಲೂರಿನಿಂದ ಬಸ್ಸಿನಲ್ಲಿ ಹೈಸ್ಕೂಲಿಗೆ ಬರುತ್ತಿದ್ದೆ. ಅಂಗಡಿಯವರು ಕಸುಬಿನಿಂದ ಪುಸ್ತಕಕ್ಕೆ ರಟ್ಟು ಕಟ್ಟುವವರು. ಮನೆಯಲ್ಲಿ ಉರ್ದು ಮಾತಾಡುತ್ತಿದ್ದರು, ಅಂಗಡಿಯಲ್ಲಿದ್ದ ಅಷ್ಟೂ ಕನ್ನಡ ಪುಸ್ತಕ ಓದಿದ್ದರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಪತ್ತೇದಾರಿ ಪುಸ್ತಕಗಳ ಮುಖಪುಟದಲ್ಲಿ ಪಿಸ್ತೂಲು ಹಿಡಿದ ಹೆಂಗಸೋ ರಕ್ತ ತೊಟ್ಟಿಕ್ಕುವ ಚಾಕುವೋ ಇರುತ್ತಿತ್ತು. ಅಂಥದ್ದನ್ನು ಮನೆಗೆ ಒಯ್ದರೆ ದೊಡ್ಡವರು ನೇರ ಒಲೆಗೆ ಹಾಕುತ್ತಿದ್ದರು. ಅದಕ್ಕೇ ಸಾಹೇಬರು ಹೊಸ ಪುಸ್ತಕ ಬಂದ ಕೂಡಲೇ ಮುಖಪುಟ ಕಿತ್ತು, ಅದರ ಜೊತೆಗೇ ಹೆಸರಿನ ಪುಟವನ್ನೂ ಕಿತ್ತು, ದಪ್ಪ ರಟ್ಟು ಹಾಕಿ ಹೊಲಿದು, ಹಸಿರು ಬಟ್ಟೆ ಅಂಟಿಸಿ, ಬೆನ್ನಿನ ಮೇಲೆ ಒಂದು ನಂಬರು ಬರೆಯುತ್ತಿದ್ದರು. ನೋಡಿದವರು ತಾಲೂಕು ಕಚೇರಿಯ ರಿಜಿಸ್ಟರು ಎಂದುಕೊಳ್ಳಬೇಕು.

ಹೀಗಾಗಿ ನಮಗೆ ಪುಸ್ತಕವೆಂದರೆ ನಂಬರು. "ನೂರಾ ನಲವತ್ತು ಓದಿದ್ಯೇನೇ?" "ಓದ್ದೆ ಕಣೇ, ಡಾಕ್ಟ್ರು ಸಾಯಬಾರದಿತ್ತು." ಬರೆದವರ ಹೆಸರು ಕೇಳಬೇಕು ಅಂತ ನಮಗೆ ಹೊಳೆಯಲೇ ಇಲ್ಲ. ಆ ದಡ್ಡತನಕ್ಕೆ ಈಗಲೂ ನನ್ನ ಮೇಲೆ ಸಿಟ್ಟು ಬರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೂರ ಹನ್ನೆರಡು. ಅದರ ಪತ್ತೇದಾರ ಸೂಟು ಬೂಟಿನವನಲ್ಲ, ರಿಟೈರಾದ ಒಬ್ಬ ಪೋಸ್ಟ್ ಮಾಸ್ಟರು. ಕಥೆಯಲ್ಲಿ ಯಾರಿಗೂ ಹೆಸರಿಲ್ಲ. ಯಜಮಾನರು, ಅವರ ಹೆಂಡತಿ ಹಿರಿಸೊಸೆ, ತಮ್ಮನ ಹೆಂಡತಿ ಕಿರಿಸೊಸೆ, ಶಾನುಭೋಗರು, ಅಷ್ಟೆ. ರೇಷ್ಮೆ ಹುಳು ಸಾಕುವ ಒಂದು ದೊಡ್ಡ ಮನೆ. ಕಿರಿಸೊಸೆ ವಿಧವೆ, ಕಂಕುಳಲ್ಲಿ ಒಂದು ಹೆಣ್ಣುಮಗು. ಜಮೀನಿನಲ್ಲಿ ಮಗುವಿನ ಪಾಲು ಕೊಡಿ ಎಂದು ಬಾಯಿಬಿಟ್ಟು ಕೇಳುತ್ತಾಳೆ. ಆಮೇಲೆ ಒಂದು ಬೆಳಿಗ್ಗೆ ತೋಟದ ಬಾವಿಯಲ್ಲಿ ಅವಳ ಹೆಣ ತೇಲುತ್ತದೆ. ಊರೆಲ್ಲ ಹಿರಿಸೊಸೆಯ ಕಡೆ ಬೊಟ್ಟು ಮಾಡುತ್ತದೆ. ಪೋಸ್ಟ್ ಮಾಸ್ಟರು ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಒಂದೊಂದೇ ಎಳೆ ಬಿಡಿಸುತ್ತಾ ಕೊನೆಗೆ ಹೇಳುತ್ತಾರೆ: ಕೊಂದವಳು ಓರಗಿತ್ತಿಯೇ, ಅಂದರೆ ಆ ಹಿರಿಸೊಸೆಯೇ. ಎಲ್ಲರೂ ಮೊದಲಿನಿಂದ ಅನುಮಾನಿಸಿದವಳೇ ಕೊನೆಗೂ ಕೊಲೆಗಾರ್ತಿ! ಅನುಮಾನ ಬೇರೆ ಕಡೆ ತಿರುಗಿಸುವುದು ಎಲ್ಲರೂ ಮಾಡುವ ಕೆಲಸ, ಇವರು ಮಾಡಲಿಲ್ಲ ನೋಡಿ, ಎಂಥ ಧೈರ್ಯ ಎಂದು ಹದಿನೈದರ ನಾನು ಬೆರಗಾಗಿಹೋದೆ.

ಆಗ ನನ್ನ ಬೆಂಚಿನಲ್ಲೇ ಒಬ್ಬಳು ಗೆಳತಿ ಕೂರುತ್ತಿದ್ದಳು. ಚಿಂತಾಮಣಿ ತಾಲೂಕಿನವಳು, ಕೆಂಚಾರ್ಲಹಳ್ಳಿ ಕಡೆಯ ಒಂದು ಹಳ್ಳಿ. ಅಪ್ಪ ಅಮ್ಮ ಇರಲಿಲ್ಲ, ದೊಡ್ಡಪ್ಪ ಸಾಕಿ ಹಾಸ್ಟೆಲಿಗೆ ಹಾಕಿದ್ದರು. ಮಾತಿನ ನಡುವೆ ತೆಲುಗು ನುಸುಳುತ್ತಿತ್ತು, ನಾವು ಅಣಕಿಸಿದರೆ ನಗುತ್ತಿದ್ದಳು. ಅವಳ ಕೈಗೆ ಇನ್ನೂರ ಹನ್ನೆರಡನ್ನು ಕೊಟ್ಟವಳು ನಾನೇ. ಕೊಟ್ಟು ಸುಮ್ಮನಿರಲಿಲ್ಲ. ಕೊಲೆಗಾರರು ಯಾರೆಂದು ಮೊದಲೇ ಹೇಳಿಬಿಡುವ ದರಿದ್ರ ಚಾಳಿ ನನಗೆ. "ಓದು ಕಣೇ, ಸಖತ್ತಾಗಿದೆ. ಕೊಂದಿದ್ದು ಓರಗಿತ್ತಿನೇ, ಗೊತ್ತಾ?" ಎಂದೆ.

ಎರಡು ದಿನವಾದ ಮೇಲೆ ಅವಳು ಪುಸ್ತಕವನ್ನು ಬೆಂಚಿನ ಮೇಲಿಟ್ಟು, ತನ್ನ ಚೀಲ ಎತ್ತಿಕೊಂಡು ಕೊನೆಯ ಬೆಂಚಿಗೆ ಹೋಗಿ ಕೂತಳು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ನನ್ನ ಜೊತೆ ಒಂದು ಮಾತಾಡಲಿಲ್ಲ. ಕಥೆ ಮೊದಲೇ ಒಡೆದುಬಿಟ್ಟೆ ಎಂದು ಮುನಿಸಿರಬೇಕು ಅಂದುಕೊಂಡೆ. ಇಷ್ಟಕ್ಕೆಲ್ಲ ಇಷ್ಟು ಕೊಬ್ಬೇ ಎಂದು ನಾನೂ ಮುಖ ತಿರುಗಿಸಿದೆ.

ತೊಂಬತ್ತರ ದಶಕ ಬಂದಾಗ ನಾನು ಗೌರಿಬಿದನೂರಿನ ಒಂದು ಜೂನಿಯರ್ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ನಮ್ಮ ಕಡೆಯ ತಾಲೂಕುಗಳ ಬರಹಗಾರರ ಬಗ್ಗೆ ಒಂದು ಸ್ಮರಣ ಸಂಚಿಕೆ ತರುತ್ತಾರೆಂದು ಗೊತ್ತಾಯಿತು. ಸಂಪಾದಕರು ನಮ್ಮ ಕಾಲೇಜಿನ ಹಿರಿಯ ಮೇಷ್ಟ್ರೇ. ನಾನು ಶಿಡ್ಲಘಟ್ಟಕ್ಕೆ ಹೋಗಿ ಸಾಹೇಬರ ಹತ್ತಿರ ಇನ್ನೂರ ಹನ್ನೆರಡನ್ನು ಬೇಡಿ ತಂದೆ. ಮತ್ತೆ ಓದಿದಾಗ ಒಂದು ವಿಷಯ ಖಚಿತವಾಯಿತು. ಇದನ್ನು ಬರೆದವರು ನಮ್ಮವರೇ. ಹುಳುಮನೆಯ ವಾಸನೆ, ಹುಳುವಿನ ತಟ್ಟೆ ತೊಳೆಯುವ ಹೊತ್ತು, ತೆಲುಗು ಬೆರೆತ ಬೈಗುಳ, ಯಾವುದೂ ಬೆಂಗಳೂರಿನಲ್ಲಿ ಕೂತು ಬರೆದದ್ದಲ್ಲ. ಹನ್ನೆರಡು ಪುಟದ ಲೇಖನ ಬರೆದೆ. ಆ ಅಂತ್ಯದ ಮೇಲೇ ನಾಲ್ಕು ಪುಟ. ಕಥೆಯೆಲ್ಲ ಬಿರುಬೇಸಿಗೆಯಲ್ಲಿ ನಡೆದು ಕೊನೆಯ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಧೋ ಎಂದು ಮಳೆ ಸುರಿಯುತ್ತದಲ್ಲ, ಅದು ಪಾಪ ತೊಳೆಯುವ ಮಳೆ ಎಂದು ಬರೆದೆ. ಅಲ್ಲಿಯವರೆಗೆ ಎಲ್ಲೂ ಕಾಣದ ಒಂದು ಕುಂಟು ನಾಯಿ ಹಜಾರದಲ್ಲಿ ಬಂದು ಮಲಗುತ್ತದಲ್ಲ, ಅದು ಮನಸ್ಸಾಕ್ಷಿ ಎಂದು ಬರೆದೆ. ನೆನೆದರೆ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಹಿರಿಯ ಮೇಷ್ಟ್ರು ಲೇಖನವನ್ನು ಎರಡೇ ದಿನಕ್ಕೆ ವಾಪಸು ಕೊಟ್ಟರು.

"ಇದು ಸಾಹಿತ್ಯ ಅಲ್ಲಮ್ಮ. ಬಸ್ಸಲ್ಲಿ ಓದಿ ಬಿಸಾಕೋ ಸರಕು."

"ನೀವು ಇಂಥವನ್ನ ಓದಿದ್ದೀರಾ ಸಾರ್?"

"ಕಾಲೇಜಲ್ಲಿದ್ದಾಗ ಓದಿದ್ದೆ. ಒಂದು ನೂರು ಓದಿರಬಹುದು."

"ನೂರು ಓದಿ ಸರಕು ಅಂತೀರಲ್ಲ?"

ಅವರು ನಕ್ಕರು. "ಕೋಪ ಮಾಡ್ಕೋಬೇಡಿ. ಬರೆದೋರ ಹೆಸರೇ ಗೊತ್ತಿಲ್ಲ ಅಂತೀರಿ. ಯಾರ ಹೆಸರಲ್ಲಿ ಅಚ್ಚು ಹಾಕ್ಲಿ, ಹೇಳಿ?"

ಮದುವೆ ಮನೆಯಲ್ಲಿ ಹಂಚುವ ಪದ್ಯ ಬರೆದವರೆಲ್ಲ ಆ ಸಂಚಿಕೆಯಲ್ಲಿ ಕವಿಗಳಾಗಿದ್ದರು. ಮಂತ್ರಿಗಳಿಗೆ ಬಿನ್ನವತ್ತಳೆ ಬರೆದುಕೊಟ್ಟವರು ಗದ್ಯಲೇಖಕರಾಗಿದ್ದರು. ನೂರಾರು ಜನ ತಟ್ಟೆಯ ಅನ್ನ ಆರಿಹೋಗಲು ಬಿಟ್ಟು ಓದಿದ ಪುಸ್ತಕ ಬರೆದವರಿಗೆ ಮಾತ್ರ ಒಂದು ಸಾಲಿಲ್ಲ. ನನಗೆ ತಡೆಯಲಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೇ ಕೂಗಾಡಿದೆ. ಹೆಸರು ತಾನೆ ಬೇಕು, ತಂದು ನಿಮ್ಮ ಮೇಜಿನ ಮೇಲಿಡ್ತೀನಿ ಎಂದು ಹೇಳಿ ಎದ್ದು ಬಂದೆ.

ಆದರೆ ಎಲ್ಲಿಂದ ತರುವುದು? ಹೀಗೆ ತಲೆ ಕೆಡಿಸಿಕೊಂಡೇ ದಸರಾ ರಜೆಗೆ ಮೇಲೂರಿಗೆ ಹೋದೆ. ನಮ್ಮ ಮನೆಯಲ್ಲೂ ಹುಳು ಇತ್ತು. ಬೆಳಿಗ್ಗೆ ಸುಮ್ಮನೆ ಕೂರಲಾರದೆ ತೋಟಕ್ಕೆ ಹೋಗಿ ಒಂದು ಬುಟ್ಟಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದೆ. ಅಮ್ಮ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾರಿಗಮ್ಮ ತಂದೆ ಇಷ್ಟೊಂದು ಸೊಪ್ಪು? ಹುಳ ಜ್ವರಕ್ಕೆ ಕೂತಿದ್ದಾವೆ. ಮೇಷ್ಟ್ರಮ್ಮ ಆದ್ಮೇಲೆ ಅದೂ ಮರೆತೋಯ್ತಾ?"

ಹುಳು ಸಾಕಿದ ಮನೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಲೆ ಎತ್ತಿಕೊಂಡು ಮಿಸುಕಾಡದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ನಾವು ಅದನ್ನು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತಾಗ ಯಾರೂ ಸೊಪ್ಪು ಕೊಯ್ಯುವುದಿಲ್ಲ, ಆ ಮನೆಯ ಹೆಂಗಸರಿಗೆ ಕೈ ಬಿಡುವಾಗುವುದೇ ಆಗ.

ಬುಟ್ಟಿಯನ್ನು ಅಲ್ಲೇ ಇಳಿಸಿದೆ. ಇನ್ನೂರ ಹನ್ನೆರಡರಲ್ಲಿ, ಸಾವಿನ ಹಿಂದಿನ ದಿನ, ಹಿರಿಸೊಸೆ ಹೇಳುತ್ತಾಳೆ: ಹುಳು ನಾಲ್ಕನೇ ಜ್ವರಕ್ಕೆ ಕೂತವು, ನಾಳೆ ಕಂಬಳಿ ಒಗೆಯೋಣ. ಹತ್ತು ಪುಟವಾದ ಮೇಲೆ ಯಜಮಾನರು ಪೊಲೀಸರಿಗೆ ಹೇಳುತ್ತಾರೆ: ಕಿರಿಸೊಸೆ ಬೆಳಗಿನ ಜಾವ ಹುಳುವಿಗೆ ಸೊಪ್ಪು ತರಲು ತೋಟಕ್ಕೆ ಹೋದಳು, ಕಾಲು ಜಾರಿರಬೇಕು. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು! ಇಂಥ ಸುಳ್ಳನ್ನು ಹುಳುಮನೆಯ ಹೆಂಗಸು ಕಟ್ಟುವುದಿಲ್ಲ, ಕನಸಿನಲ್ಲೂ ಕಟ್ಟುವುದಿಲ್ಲ. ಹುಳುಮನೆಯ ಒಳಗೆ ಎಂದೂ ಕಾಲಿಡದೆ, ಗೂಡು ಮಾರಲು ಮಾತ್ರ ಮುಂದೆ ಬರುವ ಗಂಡಸು ಕಟ್ಟುತ್ತಾನೆ. ಕೊಂದವನು ಯಜಮಾನ. ಬರೆದವರು ಅದನ್ನು ಅಷ್ಟು ಸ್ಪಷ್ಟವಾಗಿ ಇಟ್ಟಿದ್ದರು. ಹಾಗಿದ್ದರೆ ಕೊನೆಯ ಅಧ್ಯಾಯದಲ್ಲಿ ಆ ಜ್ವರದ ಮಾತೇ ಯಾಕೆ ಇಲ್ಲ? ಹುಟ್ಟಿದಾಗಿನಿಂದ ಹುಳುವಿಗೆ ಸೊಪ್ಪು ಹಾಕಿದ ನಾನು, ಹತ್ತು ಸಲ ಓದಿದ ನಾನು, ಇದನ್ನು ಕೇಳಿಕೊಳ್ಳಲೇ ಇಲ್ಲ. ಮಳೆಗೂ ನಾಯಿಗೂ ಅರ್ಥ ಹುಡುಕುತ್ತಾ ಕೂತಿದ್ದೆ.

ಮಾರನೆಯ ದಿನವೇ ಸಾಹೇಬರ ಅಂಗಡಿಯಲ್ಲಿದ್ದೆ. ಪುಸ್ತಕವನ್ನು ಅವರ ಮುಂದೆ ಕುಕ್ಕಿ, ಇದರ ಕೊನೆ ಈ ಪುಸ್ತಕದ್ದಲ್ಲ ಎಂದೆ. ಅವರು ಕನ್ನಡಕ ಹಾಕಿಕೊಂಡು, ಪುಸ್ತಕ ಬಿಡಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಹೌದು ಬೇಟಾ. ಇದು ನಾನೇ ಸೇರಿಸಿದ್ದು."

ಗೂಡು ಮಾರಲು ಬರುತ್ತಿದ್ದ ಒಬ್ಬ ರೈತರು, ಚಿಂತಾಮಣಿ ಕಡೆಯವರು, ಬಿಳಿ ಪಂಚೆ ಬಿಳಿ ಅಂಗಿಯವರು, ಅಂಗಡಿಯಲ್ಲಿ ಕೂತು ಒಂದೊಂದೇ ಪುಸ್ತಕ ತೆಗೆದು ನೋಡಿದರಂತೆ. ಕೊನೆಗೆ ಇದನ್ನು ಒಯ್ದು ಮಾರನೆಯ ಬೆಳಿಗ್ಗೆ ತಂದುಕೊಟ್ಟರಂತೆ. ಮುಂದಿನ ಓದುಗ ದೂರು ತಂದಾಗ ನೋಡಿದರೆ ಕೊನೆಯ ಫಾರಂ, ಅಂದರೆ ಒಟ್ಟಿಗೆ ಮಡಿಸಿ ಹೊಲಿಯುವ ಹದಿನಾರು ಪುಟ, ಬ್ಲೇಡಿನಲ್ಲಿ ನೀಟಾಗಿ ಕೊಯ್ದು ಹೋಗಿತ್ತು.

"ಕೊನೆ ಇಲ್ದೆ ಇರೋ ಪುಸ್ತಕ ಯಾರು ಒಯ್ತಾರೆ ಹೇಳು? ಅದೇ ಪೋಸ್ಟ್ ಮಾಸ್ಟರ್ದು ಇನ್ನೊಂದು ಪುಸ್ತಕ ಇತ್ತು, ಅದರ ಮೊದಲ ಭಾಗ ಗೆದ್ದಲು ತಿಂದಿತ್ತು. ಅಕ್ಷರ ಅದೇ, ಕಾಗದ ಅದೇ, ಪುಟದ ನಂಬರೂ ಅದೇ. ಇಲ್ಲೂ ಓರಗಿತ್ತಿ, ಅಲ್ಲೂ ಓರಗಿತ್ತಿ. ಹೊಲಿದುಬಿಟ್ಟೆ. ಯಾರೂ ಏನೂ ಅನ್ಲಿಲ್ಲ. ಎಲ್ರೂ ಚೆನ್ನಾಗಿದೆ ಅಂದ್ರು."

ಅವರ ಮೇಲೆ ಕೂಗಾಡಬೇಕೆಂದು ಬಂದಿದ್ದೆ. ಆದರೆ ಚೆನ್ನಾಗಿದೆ ಎಂದು ಎಲ್ಲರಿಗಿಂತ ಜೋರಾಗಿ ಅಂದವಳು ನಾನೇ. ಆ ಅಂತ್ಯವನ್ನು ಎಷ್ಟು ಜನರಿಗೆ ಹೇಳಿದ್ದೆನೋ ಲೆಕ್ಕವಿಲ್ಲ.

ಬರೆದವರ ಹೆಸರು ನೆನಪಿದೆಯಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ಆಮೇಲೆ ಏನೋ ಹೊಳೆದವರಂತೆ ಚಾಕು ತೆಗೆದುಕೊಂಡು ಪುಸ್ತಕದ ಹಿಂದಿನ ರಟ್ಟನ್ನು ನಿಧಾನಕ್ಕೆ ಸೀಳಿದರು. ರಟ್ಟು ದಪ್ಪವಾಗಲೆಂದು ಒಳಗೆ ಹಳೆಯ ಕಾಗದ ಒಂದರ ಮೇಲೊಂದು ಮೈದಾ ಅಂಟಿನಲ್ಲಿ ಅಂಟಿಸುತ್ತಿದ್ದರು. ಕಿತ್ತ ಹೆಸರಿನ ಪುಟಗಳೆಲ್ಲ ಆಯಾ ಪುಸ್ತಕದ ರಟ್ಟಿನೊಳಕ್ಕೇ ಹೋಗುತ್ತಿದ್ದವು. ಒದ್ದೆ ಬಟ್ಟೆಯಿಂದ ನೆನೆಸಿ ಒಂದೊಂದು ಪದರ ಎಬ್ಬಿಸಿದರು. ಮೂರನೆಯ ಪದರದಲ್ಲಿ ಕಾದಂಬರಿಯ ಹೆಸರು, ಅದರ ಕೆಳಗೆ ಎರಡು ಇನಿಷಿಯಲ್ಲಿನ ಒಂದು ಗಂಡು ಹೆಸರು, ತಳದಲ್ಲಿ ಚಿಕ್ಕಬಳ್ಳಾಪುರದ ಒಂದು ಪ್ರೆಸ್ಸಿನ ವಿಳಾಸ. ನಾವು ಹುಡುಕದೆ ಇದ್ದ ಹೆಸರುಗಳು ವರ್ಷಾನುಗಟ್ಟಲೆ ನಮ್ಮ ಕೈಯಲ್ಲೇ ಇದ್ದವು.

ಚಿಕ್ಕಬಳ್ಳಾಪುರದ ಆ ಪ್ರೆಸ್ಸಿನಲ್ಲಿ ಈಗ ಲಗ್ನಪತ್ರಿಕೆ ಮಾತ್ರ ಅಚ್ಚಾಗುತ್ತಿತ್ತು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮುದುಕರು ಹೆಸರು ನೋಡಿದ ಕೂಡಲೇ ನಕ್ಕರು.

"ಇದು ಗಂಡಸಲ್ಲಮ್ಮ. ಚಿಂತಾಮಣಿಲಿ ರೇಷ್ಮೆ ಮೊಟ್ಟೆ ಮಾಡೋ ಬಿತ್ತನೆ ಕೋಠಿ ಐತಲ್ಲ, ಅಲ್ಲಿ ರೋಗ ಐತಾ ಅಂತ ಚಿಟ್ಟೆ ಪರೀಕ್ಷೆ ಮಾಡೋ ಅಮ್ಮ. ಐದು ಪುಸ್ತಕ ಬರೆದ್ರು. ಈ ಪುಸ್ತಕ ಬಂದ ಮೇಲೆ ಅವರ ಯಜಮಾನ್ರು ಬಂದು ಇದ್ದಬದ್ದ ಪ್ರತಿ ಎಲ್ಲಾ ಎತ್ಕೊಂಡು ಹೋದ್ರು. ಆಮೇಲೆ ಅಮ್ಮ ಬರೀಲಿಲ್ಲ."

ಚಿಂತಾಮಣಿಯಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅರವತ್ತರ ಹತ್ತಿರದ, ಬಿಗಿಯಾಗಿ ಸೆರಗು ಸಿಕ್ಕಿಸಿಕೊಂಡ ಹೆಂಗಸು. ಕೆಲಸದಿಂದ ಆ ವರ್ಷವೇ ನಿವೃತ್ತರಾಗಿದ್ದರು. ನಿಮ್ಮ ಕಾದಂಬರಿ ಓದಿದ್ದೇನೆ ಎಂದೆ. ಅವರು ಬಾಗಿಲು ಮುಚ್ಚಲು ಹೊರಟರು. ಹುಳು ಜ್ವರಕ್ಕೆ ಕೂತಿತ್ತು, ಅದು ನನಗೆ ಈಗ ಗೊತ್ತಾಯಿತು ಎಂದೆ. ಬಾಗಿಲು ಅರ್ಧಕ್ಕೆ ನಿಂತಿತು.

ಒಳಗೆ ಕೂರಿಸಿದರು. ನಾನು ಕೊನೆಯ ಹದಿನಾರು ಪುಟ ತೆಗೆದು ಅವರ ಕೈಗಿಟ್ಟೆ. ಓದುತ್ತಾ ಓದುತ್ತಾ ಅವರ ಮುಖ ಬಿಳಿಚಿಕೊಂಡಿತು.

"ಇದೂ ನಂದೇ ಬರಹ. ಬೇರೆ ಪುಸ್ತಕದ್ದು," ಅಂದರು. "ಹೀಗೇ ಓದಿದ್ರಾ ಎಲ್ರೂ?"

"ಶಿಡ್ಲಘಟ್ಟದಲ್ಲಿ ಹೀಗೇ ಓದಿದ್ವಿ."

"ಶಿಡ್ಲಘಟ್ಟದಲ್ಲಾ?"

ಆಮೇಲೆ ಅವರು ಹೇಳಿದ್ದನ್ನು ನಾನು ಅಡ್ಡ ಬಾಯಿ ಹಾಕದೆ ಕೇಳಿದೆ. ಕಥೆ ಕಟ್ಟಿದ್ದಲ್ಲ. ಆ ಮನೆ ಅವರದು. ಯಜಮಾನ ಅವರ ಗಂಡ. ಬಾವಿಗೆ ಬಿದ್ದವಳು ಅವರ ಓರಗಿತ್ತಿ. ಊರು ಇವರ ಮೇಲೆ ಹೊರಿಸಿತು, ಗಂಡ ಸುಮ್ಮನೆ ಹೊರಿಸಲು ಬಿಟ್ಟ. ಇವರು ಮನೆ ಬಿಟ್ಟು ಬಂದು ಕೋಠಿಯಲ್ಲಿ ಕೆಲಸಕ್ಕೆ ಸೇರಿದರು. ಓರಗಿತ್ತಿಯ ಮಗುವನ್ನು ಕರೆತರಲು ಹೋದರೆ ಬಾಗಿಲಿನಿಂದಲೇ ಅಟ್ಟಿದರು.

"ಆ ಮಗು ಎಂದಾದ್ರೂ ಓದ್ಲಿ ಅಂತ ಬರ್ದೆ. ನನ್ನ ಮಾತು ಯಾರೂ ಅದರ ಕಿವಿಗೆ ಹಾಕಲ್ಲ. ಪತ್ತೇದಾರಿ ಪುಸ್ತಕ ಆದ್ರೆ ಎಲ್ಲಾ ಕಡೆ ಹೋಗ್ತದೆ, ಹುಡುಗ್ರು ಕದ್ದಾದ್ರೂ ಓದ್ತಾರೆ, ಒಂದಿನ ಸಿಕ್ಕೇ ಸಿಗ್ತದೆ ಅಂದ್ಕೊಂಡೆ. ಶಿಡ್ಲಘಟ್ಟದ ಹಾಸ್ಟೆಲಲ್ಲಿ ಹಾಕಿದ್ರಂತೆ ಅದನ್ನ. ಕೈಗೆ ಸಿಕ್ಕಿತ್ತೋ ಏನೋ."

ಚೀಲ ಎತ್ತಿಕೊಂಡು ಕೊನೆಯ ಬೆಂಚಿಗೆ ಹೋದವಳ ಬೆನ್ನು ಕಣ್ಣೆದುರು ಬಂತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಸಿಕ್ಕಿತ್ತು. ಕೊಟ್ಟಿದ್ದು ನಾನೇ. ಕೊಂದಿದ್ದು ಓರಗಿತ್ತಿ ಅಂತ ಹೇಳಿ ಕೊಟ್ಟೆ."

ಅವರು ನನ್ನನ್ನು ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಎದ್ದು ಒಳಗೆ ಹೋದರು, ನೀರು ಕುಡಿದ ಸದ್ದು ಕೇಳಿಸಿತು. ವಾಪಸು ಬಂದು, "ಮುಂದಿನ ಭಾನುವಾರ ಬಾ. ಕೊನೇದು ನನಗೆ ಬಾಯಿಪಾಠ ಐತೆ, ಬರ್ದಿಡ್ತೀನಿ," ಅಂದರು.

ಭಾನುವಾರ ಗೆರೆ ಹಾಳೆಯ ಮೇಲೆ, ಒಂದು ಚಿತ್ತುಕಾಟೂ ಇಲ್ಲದ ಬರಹದಲ್ಲಿ, ಕೊನೆಯ ಅಧ್ಯಾಯ ಸಿದ್ಧವಾಗಿತ್ತು. ಸಾಹೇಬರು ತಾವು ಹಾಕಿದ ಗಂಟನ್ನು ತಾವೇ ಬಿಚ್ಚಿ, ಆ ಹದಿನಾರು ಪುಟ ತೆಗೆದು, ಕೈಬರಹದ ಹಾಳೆಗಳನ್ನು ಅಳತೆಗೆ ಮಡಿಸಿ ಹೊಲಿದರು. ಹೊಲಿಯುವಾಗ ದಬ್ಬಳ ಎರಡು ಸಲ ಅವರ ಬೆರಳಿಗೆ ಚುಚ್ಚಿತು. ಹೆಸರಿನ ಪುಟವನ್ನು ಮೊದಲ ಸಲ ಅದರ ಜಾಗದಲ್ಲಿ ಇಟ್ಟರು.

ಗೆಳತಿ ಮದುವೆಯಾಗಿ ದೊಡ್ಡಪ್ಪನ ಆ ಮನೆಯಲ್ಲೇ ಇದ್ದಳು, ಗಂಡ ಮನೆ ಅಳಿಯನಾಗಿ ಬಂದಿದ್ದ. ನಾನು ಹೋದಾಗ ಜಗಲಿಯ ಮೇಲೆ ಆ ಯಜಮಾನರು ಪೇಪರು ಹಿಡಿದು ಕೂತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ. ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಆಮೇಲೆ ನೆನಪಾಯಿತು. ನನ್ನ ಲೇಖನ ಬೇಡವೆಂದ ಸ್ಮರಣ ಸಂಚಿಕೆಯಲ್ಲಿ, ಸಾಹಿತ್ಯಪೋಷಕರು ಎಂಬ ತಲೆಬರಹದ ಕೆಳಗೆ, ಹಾರ ಹಾಕಿಕೊಂಡ ಅವರ ಫೋಟೊ ಇತ್ತು. ಕಾದಂಬರಿಯ ಕೊನೆಯನ್ನು ಬ್ಲೇಡಿನಲ್ಲಿ ಕೊಯ್ದವನು ಸಾಹಿತ್ಯಪೋಷಕ.

ಗೆಳತಿ ನನ್ನನ್ನು ಗುರುತು ಹಿಡಿದಳು, ನಗಲಿಲ್ಲ. ಹುಳುಮನೆಗೆ ಕರೆದುಕೊಂಡು ಹೋದಳು. ನಾನು ಏನೂ ಹೇಳದೆ ಪುಸ್ತಕ ಕೊಟ್ಟು ಕೊನೆಯ ಪುಟಗಳನ್ನು ತೆರೆದೆ. ಸಾಲು ಸಾಲು ತಟ್ಟೆಗಳ ನಡುವೆ ನಿಂತೇ ಓದಿದಳು. ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಹೊಲಿಗೆ, ಬ್ಲೇಡು, ಬೇರೆ ಪುಸ್ತಕದ ಫಾರಂ, ಎಲ್ಲವನ್ನೂ ಆಮೇಲೆ ಹೇಳಿದೆ. ನೀನು ದೊಡ್ಡಮ್ಮನನ್ನು ಕೊಲೆಗಾರ್ತಿ ಅಂದುಕೊಂಡದ್ದು ನನ್ನಿಂದ, ಕ್ಷಮಿಸು ಎಂದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಯಾರು ಅಂದ್ಕೊಂಡ್ರು? ಹುಳ ಜ್ವರಕ್ಕೆ ಕೂತಿತ್ತು ಅಂತ ಬರ್ದಿತ್ತಲ್ಲ. ನಾನೇನು ಹುಳ ನೋಡ್ದೋಳಾ? ಅರವತ್ತನೇ ಪುಟಕ್ಕೇ ಗೊತ್ತಾಯ್ತು ನಂಗೆ, ನಮ್ಮಮ್ಮನ್ನ ಕೊಂದಿದ್ದು ಯಾರು ಅಂತ. ಮನೆ ನಮ್ದೇ, ಬಾವಿ ನಮ್ದೇ, ಒಳಗಿನ ಮಾತು ಇಷ್ಟೆಲ್ಲ ಗೊತ್ತಿರೋಳು ಒಬ್ಳೇ, ಬರ್ದಿರೋಳು ದೊಡ್ಡಮ್ಮನೇ. ಗಾಬರಿಯಲ್ಲಿ ಕೊನೆ ತನಕ ಓದಿದ್ರೆ ಅಲ್ಲಿ ಓರಗಿತ್ತಿ ಅಂತ ಬರ್ದಿತ್ತು. ಗಂಡನ್ನ ಉಳ್ಸಕ್ಕೆ ತನ್ನ ಮೇಲೇ ಹಾಕ್ಕೊಂಡ್ಳು, ಇವಳೂ ಅವನ ಕಡೆನೇ ಅಂದ್ಕೊಂಡೆ. ಅವತ್ತಿಂದ ಅವಳ ಮುಖ ನೋಡಬಾರ್ದು ಅಂತ ತೀರ್ಮಾನ ಮಾಡಿದ್ದು."

"ಹಾಗಾದ್ರೆ ಇಷ್ಟು ವರ್ಷ ಇವರ ಜೊತೆ, ಎಲ್ಲಾ ಗೊತ್ತಿದ್ದೂ…"

"ಎಲ್ಲಿಗೆ ಹೋಗ್ಲಿ? ನನ್ನ ಪರವಾಗಿ ಬಾಯಿಬಿಡೋರು ಒಬ್ರಾದ್ರೂ ಇದ್ದಿದ್ರೆ ಹೋಗ್ತಿದ್ದೆ. ಇರಬಹುದಾದೋಳು ಒಬ್ಳೇ, ಅವಳೂ ಇಲ್ಲ ಅಂತ ನೀನು ತಂದುಕೊಟ್ಟ ಪುಸ್ತಕ ಹೇಳ್ತು." ಅವಳ ದನಿ ಏರಿತು. "ನೀನೂ ಹುಳ ಸಾಕಿದ ಮನೆಯೋಳು ಕಣೇ. ಒಂದು ಸಲ ತಲೆ ಓಡ್ಸಿದ್ರೆ ಅವತ್ತೇ ಕೊನೆ ತಪ್ಪು ಅಂತ ಹೇಳ್ತಿದ್ದೆ. ಬಂದು ಕೊಲೆಗಾರರ ಹೆಸರು ಊದಿ ಹೋದೆ."

ಅವಳು ಪುಸ್ತಕ ಮುಚ್ಚಿ ಸೆರಗಿನೊಳಗೆ ಇಟ್ಟುಕೊಂಡಳು. ಇದು ನನ್ನದು, ಕೊಡುವುದಿಲ್ಲ ಎಂದಳು. ಆಮೇಲೆ ಇನ್ನೊಂದು ಮಾತು ಹೇಳಿ, ಅದನ್ನು ಚಿಂತಾಮಣಿಯಲ್ಲಿರುವ ದೊಡ್ಡಮ್ಮನಿಗೆ ಮುಟ್ಟಿಸು ಎಂದಳು.

"ಇದರಲ್ಲಿ ಹಿರಿಸೊಸೆಗೆ ಏನೂ ಗೊತ್ತಿಲ್ಲ ಅಂತ ಬರ್ಕೊಂಡಿದ್ದಾಳೆ. ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಪೊಲೀಸರ ಹೇಳಿಕೆ ಕಾಗದ ಐತೆ. ಸೊಪ್ಪು ತರೋಕೆ ಹೋದಳು ಅನ್ನೋದರ ಕೆಳಗೆ ಅವಳದೂ ಸಹಿ ಐತೆ. ಅದನ್ನ ಯಾವ ಪುಸ್ತಕದಲ್ಲೂ ಬರೀಬೇಡ ಅನ್ನು. ಇಲ್ಲಿಗೆ ಬಂದು ಬಾಯಲ್ಲಿ ಹೇಳ್ಲಿ."

ಅಂದೇ ಮಧ್ಯಾಹ್ನದ ಬಸ್ಸಿಗೆ ಚಿಂತಾಮಣಿಗೆ ಹೋದೆ. ದಾರಿಯುದ್ದಕ್ಕೂ ನನಗೆ ಆ ಲೇಖಕಿಯ ಮೇಲೆ ಸಿಟ್ಟು ಕುದಿಯಿತು. ಅವರ ಹೆಸರಿಗಾಗಿ ಸ್ಟಾಫ್ ರೂಮಿನಲ್ಲಿ ಜಗಳವಾಡಿದ್ದೆ, ಮೂರು ಊರು ಅಲೆದಿದ್ದೆ. ಪೊಲೀಸರ ಎದುರು ಹೇಳದೆ ಇದ್ದದ್ದನ್ನು ಗಂಡು ಹೆಸರಿನ ಹಿಂದೆ ಅಡಗಿ ಕಥೆಯಲ್ಲಿ ಹೇಳಿ, ಅಲ್ಲೂ ತನ್ನ ಸಹಿಯನ್ನು ಮಾತ್ರ ಬಿಟ್ಟಿದ್ದರು. ಗೆಳತಿಯ ಮಾತನ್ನು ಒಂದಕ್ಷರ ಮೆತ್ತಗೆ ಮಾಡದೆ ಅವರಿಗೆ ಒಪ್ಪಿಸಿದೆ. ಸಹಿ ಹಾಕಿದ್ದು ನಿಜವಾ ಎಂದು ಕೇಳಿದೆ.

"ನಿಜ," ಅಂದರು. "ಭಯ ಇತ್ತು." ಚಪ್ಪಲಿ ಮೆಟ್ಟಿ, ಮನೆಗೆ ಬೀಗ ಹಾಕಿ, "ಹೋಗಣ ನಡಿ, ಬಸ್ಸು ತಪ್ಪೋಗ್ತದೆ," ಅಂದರು.

ನಾವು ಹೋಗಿ ನಿಂತಾಗ ಇನ್ನೂ ಬಿಸಿಲಿತ್ತು. ಯಜಮಾನರು ಜಗಲಿಯ ಮೇಲೇ ಇದ್ದರು. ಹೆಂಡತಿಯನ್ನು ನೋಡಿ ಪೇಪರು ಕೆಳಗಿಟ್ಟರು. ಹೆಂಡತಿ ಆ ಕಡೆ ತಿರುಗಲಿಲ್ಲ. ಗೆಳತಿ ಹೊಸ್ತಿಲ ಮೇಲೆ ಬಂದು ನಿಂತಳು. ಅಂಗಳ ಗುಡಿಸುತ್ತಿದ್ದ ಆಳು ಹೆಂಗಸು ಪೊರಕೆ ನಿಲ್ಲಿಸಿದಳು, ಎದುರು ಮನೆಯವರು ಬಾಗಿಲಿಗೆ ಬಂದರು. ಲೇಖಕಿ ಅಂಗಳದ ನಡುವೆ ನಿಂತು, ಕೈ ಕಟ್ಟಿಕೊಂಡು, ಪಾಠ ಒಪ್ಪಿಸುವವರಂತೆ ಹೇಳಿದರು.

"ನಿಮ್ಮಮ್ಮ ಸೊಪ್ಪಿಗೆ ಹೋಗಿರ್ಲಿಲ್ಲ. ಇವರು ಎಬ್ಬಿಸ್ಕೊಂಡು ಹೋಗಿದ್ದನ್ನ ನಾನು ನೋಡ್ದೆ. ನೋಡಿದ್ದೂ ಸುಳ್ಳಿಗೆ ಸಹಿ ಹಾಕ್ದೆ."

ಗೆಳತಿ ಜಗಲಿಯ ಕಡೆ ಒಮ್ಮೆ ನೋಡಿದಳು, ಆಮೇಲೆ ಇವರ ಕಡೆ ತಿರುಗಿದಳು.

"ಇನ್ನೊಂದ್ಸಲ ಹೇಳು, ದೊಡ್ಡಮ್ಮ. ಜೋರಾಗಿ ಹೇಳು. ಅವರಿಗೆ ಈಗ ಕಿವಿ ಮಂದ."